ಯೂರಿಕ್ ಆಸಿಡ್ ಮತ್ತು ಪಾರ್ಶ್ವವಾಯು: ನಾವು ತಿಳಿದಿರಬೇಕಾದ ಸಂಗತಿಗಳು

ಊರಿನ ಸಭಾಂಗಣದಲ್ಲಿ ನಡೆಯುವ ಆರೋಗ್ಯ ತಪಾಸಣಾ ಶಿಬಿರಕ್ಕೆ ಹೋಗಿ ಬಂದ ಮೇಲೆ ನಮ್ಮಲ್ಲಿ ಹಲವರ ಕೈಯಲ್ಲಿ ಒಂದು ರಕ್ತ ಪರೀಕ್ಷೆಯ ಚೀಟಿ ಇರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಇವುಗಳ ಕೆಳಗೆ 'ಯೂರಿಕ್ ಆಸಿಡ್' ಎಂಬ ಇನ್ನೊಂದು ಸಾಲು. ಅದರ ಮುಂದೆ 7.8 ಎಂದೋ 8.2 ಎಂದೋ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಮನೆಯಲ್ಲಿ ಚಿಂತೆ ಆರಂಭವಾಗುತ್ತದೆ. ಒಬ್ಬರು ಮೀನು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಬೇಳೆ ಬಿಡಿ ಎನ್ನುತ್ತಾರೆ, ಮತ್ತೊಬ್ಬರು "ಇದರಿಂದ ಸ್ಟ್ರೋಕ್ ಆಗುತ್ತದಂತೆ" ಎಂದು ಹೆದರಿಸುತ್ತಾರೆ. ಇನ್ನು ಕೆಲವರು ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗತೊಡಗುತ್ತಾರೆ.

ಯೂರಿಕ್ ಆಸಿಡ್‌ಗೂ ಪಾರ್ಶ್ವವಾಯುವಿಗೂ ಸಂಬಂಧ ಇದೆಯೇ? ಇದೆ. ಆದರೆ ಅದು ನಾವು ಅಂದುಕೊಂಡಷ್ಟು ಸರಳವಲ್ಲ. ರಕ್ತದಲ್ಲಿ ಇದು ಹೆಚ್ಚಾಗಿರುವವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಅದೇ ವೇಳೆ, ಪಾರ್ಶ್ವವಾಯು ಆದ ರೋಗಿಗೆ ಇದೇ ಯೂರಿಕ್ ಆಸಿಡನ್ನು ರಕ್ತನಾಳದ ಮೂಲಕ ಔಷಧವಾಗಿ ಕೊಟ್ಟು ಪರೀಕ್ಷಿಸಿದ ವೈದ್ಯರೂ ಇದ್ದಾರೆ. ಈ ಎರಡೂ ಮಾತುಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಯೂರಿಕ್ ಆಸಿಡ್ ಎಂದರೇನು?

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿ ಪ್ಯೂರಿನ್ ಎಂಬ ವಸ್ತು ಇದೆ. ನಾವು ತಿನ್ನುವ ಮಾಂಸ, ಮೀನು, ಕಾಳುಗಳಲ್ಲಿಯೂ ಇದೆ. ಹಳೆಯ ಜೀವಕೋಶಗಳು ಸತ್ತಾಗ ಮತ್ತು ಆಹಾರ ಜೀರ್ಣವಾದಾಗ ಈ ಪ್ಯೂರಿನ್ ಒಡೆದು ಕೊನೆಗೆ ಯೂರಿಕ್ ಆಸಿಡ್ ಆಗುತ್ತದೆ. ಈ ಕೊನೆಯ ಹಂತದ ಕೆಲಸ ಮಾಡುವ ಕಿಣ್ವದ ಹೆಸರು ಕ್ಸಾಂಥೀನ್ ಆಕ್ಸಿಡೇಸ್. ಹೀಗೆ ಉತ್ಪತ್ತಿಯಾದುದರಲ್ಲಿ ಸುಮಾರು ಮೂರನೇ ಎರಡು ಭಾಗ ಮೂತ್ರಪಿಂಡಗಳ ಮೂಲಕ, ಉಳಿದುದು ಕರುಳಿನ ಮೂಲಕ ಹೊರಹೋಗುತ್ತದೆ.

1776ರಲ್ಲಿ ಸ್ವೀಡನ್‌ನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ ಮೂತ್ರದ ಕಲ್ಲುಗಳನ್ನು ಪರೀಕ್ಷಿಸುವಾಗ ಈ ವಸ್ತುವನ್ನು ಗುರುತಿಸಿದರು. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕ್ ಆಸಿಡನ್ನು ಇನ್ನೂ ಮುಂದಕ್ಕೆ ಒಡೆಯುವ ಯೂರಿಕೇಸ್ ಎಂಬ ಕಿಣ್ವವಿದೆ. ಮನುಷ್ಯನಲ್ಲಿ ಮತ್ತು ದೊಡ್ಡ ವಾನರಗಳಲ್ಲಿ ಅದು ಲಕ್ಷಾಂತರ ವರ್ಷಗಳ ಹಿಂದೆಯೇ ಕೆಲಸ ನಿಲ್ಲಿಸಿದೆ. ಆದುದರಿಂದ ಇಲಿ, ನಾಯಿಗಳಿಗಿಂತ ನಮ್ಮ ರಕ್ತದಲ್ಲಿ ಯೂರಿಕ್ ಆಸಿಡ್ ಹಲವು ಪಟ್ಟು ಹೆಚ್ಚಾಗಿರುತ್ತದೆ.

ಸಾಮಾನ್ಯವಾಗಿ ಗಂಡಸರಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 7 ಮಿಲಿಗ್ರಾಂ, ಹೆಂಗಸರಲ್ಲಿ ಸುಮಾರು 6 ಮಿಲಿಗ್ರಾಂವರೆಗೆ ಇದ್ದರೆ ಸರಿ ಎನ್ನುತ್ತಾರೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಇದರಲ್ಲಿ ಅಲ್ಪ ವ್ಯತ್ಯಾಸ ಇರಬಹುದು. ಮುಟ್ಟು ನಿಲ್ಲುವ ತನಕ ಹೆಂಗಸರಿಗೆ ಈಸ್ಟ್ರೋಜನ್ ಹಾರ್ಮೋನಿನ ರಕ್ಷಣೆ ಇದೆ, ಅದು ಯೂರಿಕ್ ಆಸಿಡನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ. ಪ್ರಮಾಣವು 6.8 ಮಿಲಿಗ್ರಾಂ ದಾಟಿದರೆ ಅದು ರಕ್ತದಲ್ಲಿ ಪೂರ್ತಿ ಕರಗಿ ಉಳಿಯದೆ ಸೂಜಿಯಂಥ ಹರಳುಗಳಾಗುವ ಸಾಧ್ಯತೆ ಇದೆ. ಈ ಹರಳುಗಳು ಕಾಲಿನ ಹೆಬ್ಬೆರಳಿನ ಕೀಲಿನಲ್ಲಿ ಸೇರಿಕೊಂಡರೆ ಗೌಟ್ ಎಂಬ ವಿಪರೀತ ನೋವಿನ ಕಾಯಿಲೆ. ಮೂತ್ರಪಿಂಡದಲ್ಲಿ ಸೇರಿಕೊಂಡರೆ ಕಲ್ಲು. ಆದರೆ ಯೂರಿಕ್ ಆಸಿಡ್ ಹೆಚ್ಚಿರುವ ಬಹಳಷ್ಟು ಜನರಿಗೆ ಗೌಟ್ ಬರುವುದೇ ಇಲ್ಲ ಎಂಬುದನ್ನೂ ನೆನಪಿಡಬೇಕು.

ಪಾರ್ಶ್ವವಾಯು ಎಂದರೆ?

ಲಕ್ವ, ಪಕ್ಷವಾತ, ಸ್ಟ್ರೋಕ್ ಎಂದು ಕರೆಯುವುದು ಇದನ್ನೇ. ಮೆದುಳಿನ ಒಂದು ಭಾಗಕ್ಕೆ ರಕ್ತ ಸಂಚಾರ ಹಠಾತ್ತಾಗಿ ನಿಂತಾಗ ಆ ಭಾಗದ ಕೋಶಗಳು ಸಾಯತೊಡಗುತ್ತವೆ. ಸುಮಾರು ಐದರಲ್ಲಿ ನಾಲ್ಕು ಪ್ರಕರಣಗಳಲ್ಲಿ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಅಡ್ಡಿಯಾಗುತ್ತದೆ. ಉಳಿದವುಗಳಲ್ಲಿ ರಕ್ತನಾಳ ಒಡೆದು ರಕ್ತಸ್ರಾವವಾಗುತ್ತದೆ. ದೊಡ್ಡ ರಕ್ತನಾಳ ಮುಚ್ಚಿದಾಗ ಒಂದು ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಈ ಕಾಯಿಲೆಯಲ್ಲಿ ಸಮಯಕ್ಕೆ ಎಷ್ಟು ಬೆಲೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಹೆಚ್ಚಿನ ಯೂರಿಕ್ ಆಸಿಡ್‌ನಿಂದ ಅಪಾಯ ಎಷ್ಟು?

ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್ ನಗರದಲ್ಲಿ 55 ವರ್ಷ ದಾಟಿದ, ಅದುವರೆಗೆ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆಗದ 4,385 ಜನರನ್ನು ಸರಾಸರಿ ಎಂಟು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಲಾಯಿತು. ಅವರನ್ನು ಯೂರಿಕ್ ಆಸಿಡ್ ಪ್ರಮಾಣದ ಪ್ರಕಾರ ಐದು ಗುಂಪು ಮಾಡಿ ನೋಡಿದಾಗ, ಅತಿ ಹೆಚ್ಚು ಇದ್ದ ಗುಂಪಿನಲ್ಲಿ ಪಾರ್ಶ್ವವಾಯುವಿನ ಅಪಾಯ ಅತಿ ಕಡಿಮೆ ಇದ್ದ ಗುಂಪಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 2009ರಲ್ಲಿ 16 ಅಧ್ಯಯನಗಳ, ಒಟ್ಟು 2,38,449 ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿದಾಗಲೂ ಚಿತ್ರ ಹೆಚ್ಚು ಕಡಿಮೆ ಹೀಗೆಯೇ ಇತ್ತು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಪಾರ್ಶ್ವವಾಯು ಬರುವ ಅಪಾಯ ಶೇ. 47ರಷ್ಟು, ಅದರಿಂದ ಸಾಯುವ ಅಪಾಯ ಶೇ. 26ರಷ್ಟು ಹೆಚ್ಚಾಗಿ ಕಂಡಿತು.

ಹೇಗೆ ಹಾನಿಯಾಗಬಹುದು? ಯೂರಿಕ್ ಆಸಿಡ್ ರಕ್ತನಾಳದ ಒಳಪದರದ ಕೋಶಗಳೊಳಗೆ ಹೊಕ್ಕಾಗ, ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ರಕ್ತನಾಳ ಬಿಗಿಯಾಗಿ ರಕ್ತದೊತ್ತಡ ಏರಲು ಇದು ಕಾರಣವಾಗಬಹುದು. 2008ರಲ್ಲಿ ಅಮೆರಿಕದಲ್ಲಿ ಹೊಸದಾಗಿ ರಕ್ತದೊತ್ತಡ ಕಾಣಿಸಿಕೊಂಡ 30 ಹದಿಹರೆಯದವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಕೊಟ್ಟಾಗ ಅವರ ರಕ್ತದೊತ್ತಡವೂ ಇಳಿಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಯೂರಿಕ್ ಆಸಿಡ್ ಹೆಚ್ಚಿರುವವರಲ್ಲಿ ಸಾಮಾನ್ಯವಾಗಿ ರಕ್ತದೊತ್ತಡ, ಬೊಜ್ಜು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಮದ್ಯಪಾನ ಇವೂ ಜತೆಯಾಗಿರುತ್ತವೆ. ಇವೆಲ್ಲವೂ ತಾವಾಗಿಯೇ ಪಾರ್ಶ್ವವಾಯುವಿಗೆ ಕಾರಣಗಳು. ಹೊಗೆ ಕಂಡಲ್ಲಿ ಬೆಂಕಿ ಇದೆ ಎನ್ನಬಹುದು, ಆದರೆ ಹೊಗೆಯನ್ನು ಓಡಿಸಿದರೆ ಬೆಂಕಿ ಆರುವುದಿಲ್ಲ. ಯೂರಿಕ್ ಆಸಿಡ್ ಬೆಂಕಿಯೋ ಹೊಗೆಯೋ ಎಂದು ತಿಳಿಯಲು ಒಂದೇ ದಾರಿ, ಅದನ್ನು ಇಳಿಸಿ ನೋಡುವುದು.

ಇಳಿಸಿ ನೋಡಿದಾಗ ಏನಾಯಿತು?

ಈ ಪರೀಕ್ಷೆಯನ್ನು ಬ್ರಿಟನ್‌ನ ವೈದ್ಯರು ದೊಡ್ಡ ಪ್ರಮಾಣದಲ್ಲಿ ಮಾಡಿದರು. ಗೌಟ್ ಇಲ್ಲದ, ಹೃದಯದ ರಕ್ತನಾಳದ ಕಾಯಿಲೆ ಇರುವ, 60 ವರ್ಷ ದಾಟಿದ 5,700ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಅಲೋಪ್ಯೂರಿನಾಲ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. 'ಆಲ್-ಹಾರ್ಟ್' ಎಂಬ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾವು ಇವು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 11.0, ತೆಗೆದುಕೊಳ್ಳದವರಲ್ಲಿ ಶೇ. 11.3. ಅಂದರೆ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು.

ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆಯಾದ ಸಣ್ಣ ಆಘಾತ ಆದವರಲ್ಲಿಯೇ ಮಾಡಿದ ಇನ್ನೊಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗ್ಲಾಸ್ಗೋದ ವೈದ್ಯರು ಮುನ್ನಡೆಸಿದ ಈ ಅಧ್ಯಯನದಲ್ಲಿ 464 ಜನರಿದ್ದರು. ಎರಡು ವರ್ಷ ಅಲೋಪ್ಯೂರಿನಾಲ್ ಕೊಟ್ಟು ಎಂಆರ್‌ಐ ತೆಗೆದು ನೋಡಿದಾಗ, ರಕ್ತದೊತ್ತಡ ಸ್ವಲ್ಪ ಇಳಿದಿತ್ತಾದರೂ ಮೆದುಳಿನ ಬಿಳಿ ಭಾಗದಲ್ಲಿ ಹಾನಿ ಹೆಚ್ಚುವುದು ನಿಂತಿರಲಿಲ್ಲ.

ಆದುದರಿಂದ ಇಂದಿನ ತಿಳುವಳಿಕೆಯ ಪ್ರಕಾರ, ಕೇವಲ ಪಾರ್ಶ್ವವಾಯು ತಡೆಯುವುದಕ್ಕಾಗಿ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ನುಂಗುವುದಕ್ಕೆ ಆಧಾರವಿಲ್ಲ. ನೋವು, ಗೌಟ್, ಕಲ್ಲು ಯಾವುದೂ ಇಲ್ಲದೆ ವರದಿಯಲ್ಲಿ ಸಂಖ್ಯೆ ಮಾತ್ರ ಹೆಚ್ಚಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಡ ಎಂದು ಅಮೆರಿಕದ ಸಂಧಿರೋಗ ತಜ್ಞರ ಸಂಘವೂ 2020ರ ಮಾರ್ಗಸೂಚಿಯಲ್ಲಿ ಸಲಹೆ ಮಾಡಿದೆ.

ಇನ್ನೊಂದು ಮುಖ: ಮೆದುಳಿನ ರಕ್ಷಕ

ಈಗ ಕಥೆಯ ಎರಡನೇ ಭಾಗಕ್ಕೆ ಬರೋಣ. 1981ರಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಒಂದು ಹೊಸ ವಿಚಾರ ಮುಂದಿಟ್ಟರು. ಯೂರಿಕ್ ಆಸಿಡ್ ಬರೀ ಕಸವಲ್ಲ, ಅದು ನಮ್ಮ ರಕ್ತದಲ್ಲಿರುವ ಪ್ರಬಲ ಆಂಟಿ ಆಕ್ಸಿಡೆಂಟ್ ಎಂಬುದೇ ಆ ವಿಚಾರ. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಜೀವಕೋಶಗಳನ್ನು ಕೆಡಿಸುವ ವಿಷಕಾರಿ ಕಣಗಳನ್ನು ಅದು ಹೀರಿಕೊಳ್ಳುತ್ತದೆ. ನಮ್ಮ ರಕ್ತದ್ರವದ ಇಂತಹ ರಕ್ಷಣಾ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಕ್ ಆಸಿಡ್‌ನದೇ ಎಂದು ಹೇಳಲಾಗುತ್ತದೆ.

ಪಾರ್ಶ್ವವಾಯು ಆದಾಗ, ವಿಶೇಷವಾಗಿ ಮುಚ್ಚಿದ ರಕ್ತನಾಳ ಮತ್ತೆ ತೆರೆದುಕೊಂಡು ರಕ್ತ ಒಮ್ಮೆಲೇ ನುಗ್ಗಿದಾಗ, ಈ ವಿಷಕಾರಿ ಕಣಗಳು ರಾಶಿ ರಾಶಿಯಾಗಿ ಹುಟ್ಟುತ್ತವೆ. ಆ ಹೊತ್ತಿನಲ್ಲಿ ಯೂರಿಕ್ ಆಸಿಡ್ ಮೆದುಳನ್ನು ಕಾಯಬಲ್ಲದೇ? 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಾರ್ಶ್ವವಾಯು ಉಂಟುಮಾಡಿದ ಇಲಿಗಳಿಗೆ ಯೂರಿಕ್ ಆಸಿಡ್ ಕೊಟ್ಟಾಗ ಮೆದುಳಿನ ಹಾನಿ ಕಡಿಮೆಯಾಯಿತು.

2002ರಲ್ಲಿ ಸ್ಪೇನ್‌ನ ಬಾರ್ಸಿಲೋನಾದ ಡಾ. ಆಂಜೆಲ್ ಚಮೊರೊ ಮತ್ತು ತಂಡ 881 ರೋಗಿಗಳ ವಿವರ ಪ್ರಕಟಿಸಿತು. ಆಸ್ಪತ್ರೆಗೆ ಬರುವಾಗ ಯೂರಿಕ್ ಆಸಿಡ್ ಹೆಚ್ಚಿದ್ದವರು ಹೆಚ್ಚು ಚೆನ್ನಾಗಿ ಗುಣಮುಖರಾಗಿದ್ದರು. ಒಂದೊಂದು ಮಿಲಿಗ್ರಾಂ ಹೆಚ್ಚಿದ್ದಷ್ಟೂ ಒಳ್ಳೆಯ ಫಲಿತಾಂಶದ ಸಾಧ್ಯತೆ ಶೇ. 12ರಷ್ಟು ಏರಿತ್ತು. ಆದರೆ ಮರುವರ್ಷ, 2003ರಲ್ಲಿ, ಗ್ಲಾಸ್ಗೋದಿಂದ ಸುಮಾರು 2,500 ರೋಗಿಗಳ ಅಧ್ಯಯನ ಬಂದು ಇದಕ್ಕೆ ತದ್ವಿರುದ್ಧ ಹೇಳಿತು. ಅಲ್ಲಿ ಯೂರಿಕ್ ಆಸಿಡ್ ಹೆಚ್ಚಿದ್ದವರ ಸ್ಥಿತಿ ಕೆಟ್ಟದಾಗಿತ್ತು. ಎರಡೂ ಒಳ್ಳೆಯ ಆಸ್ಪತ್ರೆಗಳೇ, ಎರಡೂ ಪ್ರಾಮಾಣಿಕ ಲೆಕ್ಕಗಳೇ. ಹೀಗಿರುವಾಗ ರೋಗಿಗೆ ಔಷಧವಾಗಿ ಕೊಟ್ಟು ನೋಡುವುದೊಂದೇ ಉಳಿದ ದಾರಿಯಾಗಿತ್ತು.

ಬಾರ್ಸಿಲೋನಾದ ಪ್ರಯೋಗ

2011ರಿಂದ 2013ರವರೆಗೆ ಸ್ಪೇನ್‌ನ 10 ಆಸ್ಪತ್ರೆಗಳಲ್ಲಿ 'ಯೂರಿಕೊ-ಇಕ್ಟಸ್' ಎಂಬ ಪ್ರಯೋಗ ನಡೆಯಿತು. ಪಾರ್ಶ್ವವಾಯು ಆಗಿ ನಾಲ್ಕೂವರೆ ಗಂಟೆಯೊಳಗೆ ಬಂದು, ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಇಂಜೆಕ್ಷನ್ ಪಡೆದ 411 ರೋಗಿಗಳ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಇವರಲ್ಲಿ 211 ಮಂದಿಗೆ ಒಂದು ಗ್ರಾಂ ಯೂರಿಕ್ ಆಸಿಡನ್ನು ಒಂದೂವರೆ ಗಂಟೆಯಲ್ಲಿ ಡ್ರಿಪ್ ಮೂಲಕ ಕೊಡಲಾಯಿತು. ಉಳಿದ 200 ಮಂದಿಗೆ ಔಷಧವಿಲ್ಲದ ದ್ರವ. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ.

ಮೂರು ತಿಂಗಳ ನಂತರ ಹೆಚ್ಚು ಕಡಿಮೆ ಮೊದಲಿನಂತೆ ಓಡಾಡಿಕೊಂಡಿದ್ದವರು ಯೂರಿಕ್ ಆಸಿಡ್ ಪಡೆದವರಲ್ಲಿ ಶೇ. 39, ಪಡೆಯದವರಲ್ಲಿ ಶೇ. 33. ನೋಡಲು ಒಳ್ಳೆಯದೆನಿಸಿದರೂ, ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದುದರಿಂದ ಇದನ್ನು ಯಶಸ್ಸು ಎನ್ನಲಾಗಲಿಲ್ಲ. 2014ರಲ್ಲಿ ಇದು ಪ್ರಕಟವಾಯಿತು. ಗಂಭೀರ ಅಡ್ಡ ಪರಿಣಾಮಗಳು ಹೆಚ್ಚಲಿಲ್ಲ ಎಂಬುದು ಸಮಾಧಾನದ ಸಂಗತಿ.

ಬಳಿಕ ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆಯಾಗಿ ನೋಡಿದಾಗ ಒಂದು ವಿಶೇಷ ಕಂಡಿತು. ಹೆಂಗಸರಲ್ಲಿ ಶೇ. 42 ಮಂದಿ ಚೆನ್ನಾಗಿ ಗುಣಮುಖರಾಗಿದ್ದರು, ಔಷಧ ಪಡೆಯದ ಹೆಂಗಸರಲ್ಲಿ ಇದು ಶೇ. 29 ಮಾತ್ರ. ಗಂಡಸರಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಹೆಂಗಸರ ರಕ್ತದಲ್ಲಿ ಮೊದಲೇ ಯೂರಿಕ್ ಆಸಿಡ್ ಕಡಿಮೆ ಇರುವುದರಿಂದ ಅವರಿಗೆ ಹೆಚ್ಚು ಪ್ರಯೋಜನವಾಗಿರಬಹುದು ಎಂದು ಊಹಿಸಲಾಗಿದೆ. ಆದರೆ ಪ್ರಯೋಗ ಮುಗಿದ ಮೇಲೆ ಗುಂಪು ಒಡೆದು ನೋಡಿದ ಲೆಕ್ಕಗಳನ್ನು ಹೊಸ ಪ್ರಯೋಗದಿಂದ ಖಚಿತಪಡಿಸಿಕೊಳ್ಳದೆ ನಂಬುವಂತಿಲ್ಲ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದಲ್ಲಿ ಸರಕಾರದ ನೆರವಿನಿಂದ ಹಲವು ಪ್ರಯೋಗಾಲಯಗಳು ಒಟ್ಟಾಗಿ, ಮೆದುಳನ್ನು ಕಾಯಬಹುದಾದ ಆರು ಚಿಕಿತ್ಸೆಗಳನ್ನು 2,600ಕ್ಕೂ ಹೆಚ್ಚು ಇಲಿ, ಹೆಗ್ಗಣಗಳ ಮೇಲೆ ಒಂದೇ ನಿಯಮದಡಿ ಪರೀಕ್ಷಿಸಿದವು. ಎಳೆಯವು, ಮುದಿಯಾದವು, ಬೊಜ್ಜು ಬಂದವು, ರಕ್ತದೊತ್ತಡ ಇರುವವು ಎಲ್ಲವೂ ಇದರಲ್ಲಿ ಸೇರಿದ್ದವು. 2023ರಲ್ಲಿ ಪ್ರಕಟವಾದ ವರದಿಯಂತೆ ಕೊನೆಯ ಹಂತದವರೆಗೆ ಉಳಿದುದು ಯೂರಿಕ್ ಆಸಿಡ್ ಒಂದೇ. ಮನುಷ್ಯರಲ್ಲಿ ಮತ್ತೊಂದು ದೊಡ್ಡ ಪ್ರಯೋಗಕ್ಕೆ ಇದು ಬಲ ನೀಡಿದೆ. ಆದರೂ ಯೂರಿಕ್ ಆಸಿಡ್ ಪಾರ್ಶ್ವವಾಯುವಿನ ಅಂಗೀಕೃತ ಚಿಕಿತ್ಸೆಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಎರಡೂ ನಿಜವಾಗುವುದು ಹೇಗೆ?

ವರ್ಷಗಟ್ಟಲೆ ಹೆಚ್ಚಾಗಿಯೇ ಇರುವ ಯೂರಿಕ್ ಆಸಿಡ್ ಬೇರೆ, ಆಪತ್ತಿನ ಕೆಲವು ಗಂಟೆಗಳಲ್ಲಿ ಲೆಕ್ಕ ಹಾಕಿ ಕೊಡುವ ಯೂರಿಕ್ ಆಸಿಡ್ ಬೇರೆ. ರಕ್ತದ್ರವದಲ್ಲಿ ಅದು ರಕ್ಷಕ, ಕೋಶದೊಳಗೆ ಹೊಕ್ಕಾಗ ಅದೇ ಹಾನಿಕಾರಕವಾಗಬಹುದು. ಉಪ್ಪಿಲ್ಲದೆ ಸಾರು ಉಣ್ಣಲಾಗದು, ಹೆಚ್ಚಾದರೆ ರಕ್ತದೊತ್ತಡ. ಇದೂ ಹಾಗೆಯೇ. ಆದುದರಿಂದ "ಯೂರಿಕ್ ಆಸಿಡ್ ಒಳ್ಳೆಯದಂತೆ" ಎಂದು ಗೌಟ್ ಇರುವವರು ಮಾತ್ರೆ ಬಿಡುವುದೂ ತಪ್ಪು, "ಸ್ಟ್ರೋಕ್ ಆಗುತ್ತದಂತೆ" ಎಂದು ಗೌಟ್ ಇಲ್ಲದವರು ಮಾತ್ರೆ ನುಂಗುವುದೂ ತಪ್ಪು.

ಮಾತ್ರೆಗಳ ಬಗ್ಗೆ ಎಚ್ಚರ

1. ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರಿಗೆ ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಯೂರಿಕ್ ಆಸಿಡನ್ನು ಸ್ವಲ್ಪ ಏರಿಸುತ್ತದೆ. ಇದನ್ನು ಎಲ್ಲಿಯೋ ಓದಿ ಆಸ್ಪಿರಿನ್ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ತಡೆಯುವ ಅಪಾಯ ಬಹಳ ದೊಡ್ಡದು.

2. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಯೂರಿಕ್ ಆಸಿಡ್ ಏರಿಸುತ್ತವೆ. ಲೊಸಾರ್ಟನ್ ಎಂಬ ಮಾತ್ರೆ ಸ್ವಲ್ಪ ಇಳಿಸುತ್ತದೆ. ಗೌಟ್ ಇದ್ದರೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ, ತಾವಾಗಿಯೇ ಬದಲಾಯಿಸಬೇಡಿ.

3. ಅಲೋಪ್ಯೂರಿನಾಲ್ ಗೌಟ್ ರೋಗಿಗಳಿಗೆ ವರದಾನವಾದ ಔಷಧ. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಸೇರಿದ್ದಾರೆ. ಆದರೆ ಕೆಲವರಲ್ಲಿ ಇದು ಚರ್ಮ ಸುಲಿದು ಹೋಗುವಂತಹ ಪ್ರಾಣಾಪಾಯದ ಅಲರ್ಜಿ ಉಂಟುಮಾಡುತ್ತದೆ. ಮೈಮೇಲೆ ಕೆಂಪು ದದ್ದು, ಬಾಯಿಯಲ್ಲಿ ಹುಣ್ಣು, ಜ್ವರ ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು. ವೈದ್ಯರ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳಲೇಬಾರದು.

ನಮ್ಮ ಊಟದ ಮಾತು

ಕರಾವಳಿಯವರಾದ ನಮಗೆ ಮೀನು ಬಿಡಿ ಎಂದರೆ ಊಟವೇ ಬಿಟ್ಟಂತೆ. ಬೂತಾಯಿ, ಬಂಗುಡೆ, ಸಿಗಡಿ, ಮರುವಾಯಿಗಳಲ್ಲಿ ಪ್ಯೂರಿನ್ ಇರುವುದು ನಿಜ. ಯಕೃತ್ತು, ಮೂತ್ರಪಿಂಡ ಮುಂತಾದ ಒಳಾಂಗಗಳಲ್ಲಿ ಇನ್ನೂ ಹೆಚ್ಚು. ಹಬ್ಬ, ಮದುವೆಗಳಲ್ಲಿ ಮಾಡುವ ಸೊರ್ಪೊತೆಲ್‌ನಲ್ಲಿ ಇವೆಲ್ಲ ಇರುತ್ತವೆ. ಗೌಟ್ ಇರುವವರು ಇವನ್ನು ಸಾಕಷ್ಟು ಕಡಿಮೆ ಮಾಡಬೇಕು. ಉಳಿದವರು ಮೀನನ್ನು ಹಿತಮಿತವಾಗಿ ತಿನ್ನಬಹುದು. ಹೃದಯಕ್ಕೆ ಒಳ್ಳೆಯದಾದ ಕೊಬ್ಬು ಬೂತಾಯಿ, ಬಂಗುಡೆಗಳಲ್ಲಿಯೇ ಇದೆ.

ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಾಂಸ ಮತ್ತು ಸಮುದ್ರ ಆಹಾರ ಗೌಟ್ ಅಪಾಯ ಹೆಚ್ಚಿಸುತ್ತವೆ. ಆದರೆ ಪ್ಯೂರಿನ್ ಇರುವ ತರಕಾರಿಗಳು ಹೆಚ್ಚಿಸುವುದಿಲ್ಲ, ಹಾಲು ಮೊಸರು ಕಡಿಮೆ ಮಾಡುತ್ತವೆ. ಆದುದರಿಂದ ತೊಗರಿಬೇಳೆ, ಪಾಲಕ್, ಅಲಸಂಡೆ ಬಿಟ್ಟು ಬರೀ ಗಂಜಿ ಉಣ್ಣುವ ಅಗತ್ಯವಿಲ್ಲ. ಬಿಡಬೇಕಾದುದು ಬಿಯರ್ ಮತ್ತು ಇತರ ಮದ್ಯ, ಸಿಹಿ ತಂಪು ಪಾನೀಯಗಳು. ನೀರು ಚೆನ್ನಾಗಿ ಕುಡಿಯಿರಿ, ತೂಕ ಇಳಿಸಿ. ಒಣಮೀನು, ಉಪ್ಪಿನಕಾಯಿ ಯೂರಿಕ್ ಆಸಿಡ್‌ಗಿಂತ ರಕ್ತದೊತ್ತಡದ ಮೂಲಕ ಹೆಚ್ಚು ಕೇಡು ಮಾಡುತ್ತವೆ ಎಂಬುದೂ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದುದು

ಪಾರ್ಶ್ವವಾಯು ತಡೆಯಲು ಖಂಡಿತವಾಗಿ ಸಾಬೀತಾದ ದಾರಿಗಳು ಇವು: ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಸಕ್ಕರೆ ಕಾಯಿಲೆಗೆ ತಪ್ಪದೆ ಔಷಧ, ಬೀಡಿ ಸಿಗರೇಟು ಬಿಡುವುದು, ಹೃದಯದ ಬಡಿತ ಏರುಪೇರಾಗಿದ್ದರೆ ಚಿಕಿತ್ಸೆ, ದಿನವೂ ನಡಿಗೆ. ವರದಿಯಲ್ಲಿ ಯೂರಿಕ್ ಆಸಿಡ್ ಹೆಚ್ಚು ಕಂಡರೆ ಅದನ್ನೊಂದು ಸೂಚನೆಯೆಂದು ತಿಳಿದು ರಕ್ತದೊತ್ತಡ, ಸಕ್ಕರೆ, ಕ್ರಿಯಾಟಿನಿನ್ ಇವನ್ನು ಪರೀಕ್ಷಿಸಿಕೊಳ್ಳಿ. ಆ ಸಂಖ್ಯೆಯಿಂದ ಸಿಗುವ ದೊಡ್ಡ ಉಪಕಾರ ಇದೇ.

ಪಾರ್ಶ್ವವಾಯುವಿನ ಲಕ್ಷಣಗಳನ್ನು ಮನೆಯ ಮಕ್ಕಳಿಗೂ ಕಲಿಸಿ. ಮುಖ ಒಂದು ಬದಿಗೆ ವಾಲುವುದು, ಒಂದು ಕೈ ಅಥವಾ ಕಾಲು ಎತ್ತಲಾಗದಿರುವುದು, ಮಾತು ತೊದಲುವುದು, ಹಠಾತ್ತಾಗಿ ಕಣ್ಣು ಮಂಜಾಗುವುದು ಅಥವಾ ನಡಿಗೆ ತೂರಾಡುವುದು. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಳ್ಳಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇದೆ. ದೊಡ್ಡ ರಕ್ತನಾಳದ ಹೆಪ್ಪನ್ನು ನಳಿಕೆ ತೂರಿಸಿ ತೆಗೆಯುವ ಚಿಕಿತ್ಸೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಸಾಧ್ಯ. ರೋಗಿಗೆ ನೀರು, ಕಾಫಿ ಕುಡಿಸಬೇಡಿ, ಅದು ಶ್ವಾಸನಾಳಕ್ಕೆ ಹೋಗಬಹುದು. ರಕ್ತಸ್ರಾವವೋ ಹೆಪ್ಪೋ ಎಂದು ಸ್ಕ್ಯಾನ್ ಮಾಡದೆ ತಿಳಿಯದು, ಆದುದರಿಂದ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಎಣ್ಣೆ ತಿಕ್ಕುವುದು, ನಾಟಿ ಮದ್ದು ಹುಡುಕುವುದು, ಬೆಳಿಗ್ಗೆ ನೋಡೋಣ ಎಂದು ಮಲಗಿಸುವುದು ಇವುಗಳಲ್ಲಿ ಕಳೆದ ಗಂಟೆಗಳು ಮತ್ತೆ ಸಿಗುವುದಿಲ್ಲ.

ಸ್ಪೇನ್‌ನ ಆ ಪ್ರಯೋಗದಲ್ಲಿ ಯೂರಿಕ್ ಆಸಿಡ್ ಪಡೆದ ರೋಗಿಗಳಿಗೂ ಪಡೆಯದವರಿಗೂ ಸಮಾನವಾಗಿದ್ದ ಒಂದು ಸಂಗತಿ ಇತ್ತು. ಅವರೆಲ್ಲರೂ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ತಲುಪಿದ್ದರು. ಮುಂದೆ ಯಾವ ಹೊಸ ಔಷಧ ಬಂದರೂ ಅದು ಸಿಗುವುದು ಹೀಗೆ ಬೇಗ ತಲುಪಿದವರಿಗೆ. ಆದುದರಿಂದ ಓದುಗರು ಈ ಲಕ್ಷಣಗಳನ್ನು ಇಂದೇ ಮನೆಯವರೊಂದಿಗೆ ಮಾತನಾಡಿ, ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ರಾತ್ರಿ ವಾಹನ ಎಲ್ಲಿ ಸಿಗುತ್ತದೆ ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ. ಈ ಲೇಖನ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.